ಗಿಟಾರಿಗೊಂದು ಬೀರು

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯ ಸುದ್ದಿಯನ್ನೂ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಮೆಟ್ಟಿಲು ಹತ್ತಿ ಬರುವ ಸಾಮಾನು ನೋಡಿದರೆ ಎಲ್ಲ ತಿಳಿಯುತ್ತಿತ್ತು. ಫ್ರಿಜ್ ಬಂದರೆ ಆ ಮನೆಯಲ್ಲಿ ಯಾರಿಗೋ ಬಡ್ತಿ ಸಿಕ್ಕಿದೆ. ತೊಟ್ಟಿಲು ಬಂದರೆ ವಿವರಿಸಬೇಕಾಗಿಲ್ಲ. ಕನ್ನಡಿಯಿರುವ ಉಕ್ಕಿನ ಬೀರು ಬಂದರೆ ಮದುವೆ ಗೊತ್ತಾಗಿದೆ, ಹೆಣ್ಣಿನ ಕಡೆಯವರು ಕೊಟ್ಟು ಕಳಿಸಿದ್ದಾರೆ. ಇದರಲ್ಲಿ ಎರಡು ಮಾತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸೀತಾರಾಮನ ಪ್ರಕರಣದಲ್ಲಿ ನಮ್ಮ ಬಿಲ್ಡಿಂಗಿನವರನ್ನು ವೃಥಾ ದೂರಿದವರು ಬಹಳ ಜನ. ಆ ಬೀರುವಿನ ಒಂದು ಮೂಲೆ ಹಿಡಿದು ಮೇಲೆ ಹತ್ತಿಸಿದವರಲ್ಲಿ ನಾನೂ ಒಬ್ಬ. ನನಗೆ ಈಗಲೂ ಅನ್ನಿಸುತ್ತದೆ, ತಪ್ಪು ನಮ್ಮದಲ್ಲ.

ಸೀತಾರಾಮ ನಂಜನಗೂಡಿನ ಕಡೆಯವನು. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಅವನು ಮತ್ತು ಅವನ ಸೋದರತ್ತೆ ಪುಟ್ಟಲಕ್ಷ್ಮಿ, ಇಬ್ಬರೇ. ಒಳ್ಳೆಯ ಹುಡುಗ, ಆದರೆ ಮಾತನ್ನು ಕೊನೆ ಮುಟ್ಟಿಸುವ ಶಕ್ತಿ ದೇವರು ಅವನಿಗೆ ಕೊಟ್ಟಿರಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಎದುರಿನವರು ಉಳಿದರ್ಧವನ್ನು ತಾವೇ ಹೇಳಿ ಹೊರಟುಹೋಗುತ್ತಿದ್ದರು. ಆಫೀಸಿನಲ್ಲಿ ರಜೆ ಕೇಳಲು ಹೋದವನು ಓವರ್‌ಟೈಮ್ ಒಪ್ಪಿಕೊಂಡು ಬಂದದ್ದುಂಟು.

ರಜಾದಿನಗಳಲ್ಲಿ ಅವನು ಅಣವೀರಪ್ಪನ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ಕನ್ನಡ ಸಂಘಗಳು, ಗಣೇಶೋತ್ಸವಗಳು, ಆಗೊಮ್ಮೆ ಈಗೊಮ್ಮೆ ಯಾರದೋ ಷಷ್ಟಿಪೂರ್ತಿ. ಆ ಆರ್ಕೆಸ್ಟ್ರಾದಲ್ಲಿ ಹಾಡುವವಳು ವನಮಾಲಾ, ಸಾಂತಾಕ್ರೂಜ್‌ನವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಸೀತಾರಾಮ ಅವಳನ್ನೇ ಮದುವೆಯಾಗುವುದೆಂದು ತೀರ್ಮಾನಿಸಿಬಿಟ್ಟಿದ್ದ. ಬಾಕಿ ಇದ್ದದ್ದು ಅವಳಿಗೆ ತಿಳಿಸುವುದೊಂದೇ. ಅದು ಬಹಳ ಕಾಲದಿಂದ ಬಾಕಿ ಇತ್ತು.

ಅಡ್ಡಿ ಇನ್ನೂ ಒಂದಿತ್ತು. ವನಮಾಲಾಳ ತಂದೆ ರಾಮಸ್ವಾಮಿ ರೈಲ್ವೆ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದವರು, ಸಾಂತಾಕ್ರೂಜ್ ಕನ್ನಡ ಸಂಘದ ವರದಕ್ಷಿಣೆ ವಿರೋಧಿ ಸಮಿತಿಗೆ ಅಧ್ಯಕ್ಷರು. ಮಗಳು ಅಪ್ಪನಿಗಿಂತ ಒಂದು ಕೈ ಮೇಲು. “ಒಂದು ಚಮಚ ತಗೊಂಡೋರ ಮನೆಗೂ ನಾನು ಕಾಲಿಡಲ್ಲ” ಎಂದು ರಿಹರ್ಸಲ್ಲಿನಲ್ಲಿ ಒಮ್ಮೆ ಹೇಳಿದ್ದಳು. ಅವತ್ತು ಸೀತಾರಾಮ ಮನೆಗೆ ಬಂದು, ಅಡಿಗೆಮನೆಯ ಚಮಚಗಳೆಲ್ಲ ಎಲ್ಲಿಂದ ಬಂದವು ಎಂದು ಅತ್ತೆಯನ್ನು ವಿಚಾರಿಸಿದ.

ಹೀಗಿರುವಾಗ, ಎಂಬತ್ತೊಂಬತ್ತರ ಬೇಸಿಗೆಯಲ್ಲಿ, ಆರ್ಕೆಸ್ಟ್ರಾದ ಕಿಟ್ಟು ಒಂದು ಸಿಂಥಸೈಜರ್ ತಂದ. ಅಣವೀರಪ್ಪ ಅದನ್ನು ನೋಡಿ ಸೀತಾರಾಮನನ್ನು ಪಕ್ಕಕ್ಕೆ ಕರೆದರು.

“ಸೀತಾರಾಮ, ಕಿಟ್ಟೂನ ಪೆಟಿಗ್ಯಾಗ ಕೊಳಲೈತಿ, ಪಿಟೀಲೈತಿ, ಮಳಿ ಸಪ್ಪಳಾನೂ ಐತಿ. ಗಿಟಾರೂ ಐತಿ. ಭಾಳ ಛೊಲೋ ಐತಿ.”

“ಆದರೆ ಸರ್, ನನ್ನ ಗಿಟಾರು...”

“ನಿಂದೂ ಛೊಲೋನ ಇರಬೇಕು. ಕೇಳಿಸಿದ್ರ ಹೇಳ್ತಿದ್ದೆ.” ಅವರು ಅವನ ಬೆನ್ನು ತಟ್ಟಿದರು. “ಬರೂ ಸಾಂತಾಕ್ರೂಜ್ ಪ್ರೋಗ್ರಾಮ್ ನುಡಿಸು. ಅದರಾಗೂ ಕೇಳಿಸ್ಲಿಲ್ಲಂದ್ರ, ನೀ ಪ್ರೇಕ್ಷಕರ ಸಂಗಾಟ ಕುಂದರಬೋದು.”

ಆರ್ಕೆಸ್ಟ್ರಾ ತಪ್ಪಿದರೆ ವನಮಾಲಾ ತಪ್ಪಿದಂತೆ. ಸೀತಾರಾಮ ಅಂದು ಊಟ ಮಾಡಲಿಲ್ಲ. ಮರುದಿನ ಫೋರ್ಟಿನ ಹಳೇ ಪುಸ್ತಕದವನ ಹತ್ತಿರ ಒಂದು ಪರದೇಶದ ಪತ್ರಿಕೆ ನೋಡಿದ. ಅದರಲ್ಲಿ ಉದ್ದ ಕೂದಲಿನ ಗಿಟಾರಿಗನೊಬ್ಬನ ಬೆನ್ನ ಹಿಂದೆ ಆಳೆತ್ತರದ ಒಂದು ಉಕ್ಕಿನ ಚೌಕಟ್ಟು. ಅದಕ್ಕೆ ಮೆಷಿನ್ನುಗಳನ್ನು ಊಟದ ಕ್ಯಾರಿಯರಿನ ಡಬ್ಬಿಗಳಂತೆ ಒಂದರ ಮೇಲೊಂದು ಸ್ಕ್ರೂ ಹಾಕಿ ಬಿಗಿದಿದ್ದರು. ಗಿಟಾರಿನ ದನಿ ಕೆಳಗಿನಿಂದ ಹೊಕ್ಕು ಒಂದರಲ್ಲಿ ನಡುಗಿ, ಇನ್ನೊಂದರಲ್ಲಿ ಪ್ರತಿಧ್ವನಿಸಿ, ಮತ್ತೊಂದರಲ್ಲಿ ದೊಡ್ಡದಾಗಿ ಹೊರಗೆ ಬರುತ್ತದಂತೆ. ಅದಕ್ಕೆ ರ್‍ಯಾಕ್ ಎಂದು ಹೆಸರು.

ಮೆಷಿನ್ನುಗಳು ಹೇಗೋ ಒದಗಿದವು. ಪ್ರತಿಧ್ವನಿಯದು ಹಡಗಿನಲ್ಲಿ ಕೆಲಸ ಮಾಡುವ ಪರಿಚಯದವನೊಬ್ಬ ತಂದುಕೊಟ್ಟ. ಉಳಿದವನ್ನು ಲ್ಯಾಮಿಂಗ್ಟನ್ ರೋಡಿನ ರೇಡಿಯೋ ಅಂಗಡಿಗಳಲ್ಲಿ ಕಟ್ಟಿಸಿದ. ಚೌಕಟ್ಟು ಮಾತ್ರ ಎಲ್ಲೂ ಸಿಗಲಿಲ್ಲ. ಆಗ ಯಾರೋ ಕುರ್ಲಾದ ಲಾಲಸಾಬನ ಹೆಸರು ಹೇಳಿದರು.

ಲಾಲಸಾಬ ವಿಜಾಪುರದ ಕಡೆಯವನು. ಉಕ್ಕಿನ ಕಪಾಟು ಮಾಡುವುದರಲ್ಲಿ ಅವನಿಗೆ ಹೆಸರಿತ್ತು, ಗಿರಾಕಿಗಳ ಮಾತು ಕೇಳದಿರುವುದರಲ್ಲಿ ಅದಕ್ಕಿಂತ ದೊಡ್ಡ ಹೆಸರಿತ್ತು. ಪತ್ರಿಕೆಯ ಫೋಟೋವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದುಗಡೆಯೂ ನೋಡಿ ಕೇಳಿದ:

“ಇದರ ಬಾಗಲಾ ಎಲ್ಲಿ ಐತ್ರಿ?”

“ಬಾಗಿಲು ಬೇಡ. ಎರಡು ಕಂಬ, ಅದರಲ್ಲಿ ಸಾಲಾಗಿ ತೂತು. ಮೆಷಿನ್ನುಗಳನ್ನ ಅದಕ್ಕೆ...”

“ಬಾಗಲಾ ಇಲ್ಲದ ಕಪಾಟು ನನ್ನ ಶೆಡ್ಡಿನಿಂದ ಹೊರಗ ಬಿತ್ತಂದ್ರ ಕುರ್ಲಾದಾಗ ನಾ ಮಾರಿ ಹ್ಯಾಂಗ ತೋರಿಸ್ಲಿ?”

“ಇದು ಕಪಾಟಲ್ಲ, ಲಾಲಸಾಬ್. ಗಿಟಾರಿನ...”

“ಏನರ ಇಡ್ರಿ ಒಳಗ, ನಾ ಕೇಳಂಗಿಲ್ಲ. ಹಿಂದ ತಗಡ ಬ್ಯಾಡ ಅಂತೀರಿ, ಇಲಿ ಹೊಕ್ಕಾವು. ಮುಂದ ಬಾಗಲಾ ಬ್ಯಾಡ ಅಂತೀರಿ, ಕಳ್ಳ ಹೊಕ್ಕಾನು. ಈ ಫೋಟೋದಾಗಿನ ಮನಿಶಾಗ ಬುದ್ಧಿ ಇದ್ದಿದ್ರ ಕೂದಲಾ ಕತ್ತರಿಸ್ಕೊತಿದ್ದ. ನೀವ್ ಮನಿಗಿ ನಡೀರಿ, ನಾ ಅದೀನಿ.”

ಸೀತಾರಾಮ ಮನೆಗೆ ನಡೆದ. ಆಗ ವೈಶಾಖ, ಮದುವೆಗಳ ಸುಗ್ಗಿ. ಶೆಡ್ಡಿನಲ್ಲಿ ತಯಾರಾಗುತ್ತಿದ್ದ ಕಪಾಟುಗಳಿಗೆಲ್ಲ ಆಳುದ್ದದ ಕನ್ನಡಿ ಬೀಳುತ್ತಿತ್ತು, ಇದಕ್ಕೂ ಬಿತ್ತು. ಬಾಗಿಲುಗಳ ಮೇಲೆ ಬಣ್ಣದ ಚಿತ್ರ ಬರೆಯುವವಳು ಲಾಲಸಾಬನ ಹೆಂಡತಿ ರಹೀಮಾ. ಅವಳು ಈ ಬಾಗಿಲಿನ ಮೇಲೂ ಎರಡು ಗಿಳಿ ಬರೆದಳು, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತ ಗಿಳಿಗಳು. ಒಳಗೆ ಸೀತಾರಾಮ ಕೇಳಿದ್ದ ಕಂಬಗಳೂ ತೂತುಗಳೂ ಸರಿಯಾಗಿಯೇ ಇದ್ದವು. ಕೇಳದೆ ಬಂದ ಒಂದು ಲಾಕರೂ ಇತ್ತು. ಕಾಲಿಗೆ ಗಾಲಿ ಇದ್ದವು. ಬೆನ್ನಿನ ತಗಡಿಗೆ ವೈರು ಹೋಗಲೊಂದು ತೂತು ಕೊರೆಸಲು ಅವನು ಒಂದು ಮಧ್ಯಾಹ್ನವೆಲ್ಲ ಅಂಗಲಾಚಬೇಕಾಯಿತು. ಕಾರ್ಯಕ್ರಮ ಹತ್ತಿರ ಬಂದಿತ್ತು, ಬಾಗಿಲು ತೆಗೆದಿಟ್ಟರೆ ರ್‍ಯಾಕೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡು ಟೆಂಪೋ ಹತ್ತಿಸಿದ.

ಬೀರು ನಮ್ಮ ಬಿಲ್ಡಿಂಗಿನ ಮುಂದೆ ಇಳಿದದ್ದು ಬೆಳಿಗ್ಗೆ, ಎಲ್ಲರೂ ಹಾಲು ತರಲು ಕೆಳಗಿಳಿಯುವ ಹೊತ್ತಿಗೆ. ನಾವು ಗಂಡಸರು ಕೈಹಾಕಿದೆವು. ಪ್ರತಿ ಮಹಡಿಯಲ್ಲೂ ನಿಲ್ಲಬೇಕಾಯಿತು, ಭಾರಕ್ಕಲ್ಲ, ಹೆಂಗಸರು ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುವವರೆಗೆ. ಕೆಳಗಿನ ಮನೆಯ ಇಂದ್ರಾಬಾಯಿ ಗಿಳಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರು ಬೆಳಗಾವಿಯವರು. ನಮ್ಮ ಬಿಲ್ಡಿಂಗಿಗೆ ದಿನಪತ್ರಿಕೆ ತರಿಸುವ ಖರ್ಚು ಉಳಿದದ್ದು ಅವರಿಂದ.

“ಸೀತಾರಾಮ, ಏನ್ರಿ ಇದು?”

“ರ್‍ಯಾಕು,” ಎಂದಿತು ಬೀರುವಿನ ಅಡಿಯಿಂದ ಸೀತಾರಾಮನ ದನಿ. “ನನ್ನ ಗಿಟಾ...”

“ರ್‍ಯಾಕ್ ಅಂತ! ನಾಚ್ಕೋತಾನ್ ನೋಡ್ರಿ ಹುಡುಗ!”

ಮೇಲೆ ಬಾಗಿಲಲ್ಲಿ ಪುಟ್ಟಲಕ್ಷ್ಮಿ ನಿಂತಿದ್ದರು. ಕನ್ನಡಿ ನೋಡಿದರು, ಗಿಳಿ ನೋಡಿದರು, ಸೋದರಳಿಯನನ್ನು ನೋಡಿದರು. ಅವರ ಮುಖ ಸಣ್ಣದಾಯಿತು. ಎಷ್ಟೋ ವರ್ಷದಿಂದ ಜಾತಕ ಹಿಡಿದು ಓಡಾಡಿದವರು ಅವರು. ಈಗ ಇವನು ತಾನೇ ಗೊತ್ತುಮಾಡಿಕೊಂಡು, ತಾನೇ ಬೀರು ಹೊತ್ತು ತಂದಿದ್ದಾನೆ! ಅಷ್ಟರಲ್ಲಿ ಹಿಂದೆಯೇ ಹತ್ತಿ ಬಂದ ಇಂದ್ರಾಬಾಯಿ ಏದುಸಿರು ಬಿಡುತ್ತ ಕೇಳಿದರು:

“ಬೀಗರು ಯಾವ ಊರವರ್ರಿ ಬಾಯಿ?”

ತನಗೇ ಗೊತ್ತಿಲ್ಲ ಎಂದು ನೆರೆಯವಳ ಮುಂದೆ ಹೇಳುವುದುಂಟೇ? ಮಾನದ ಪ್ರಶ್ನೆ.

“ತುಮಕೂರಿನೋರು,” ಎಂದರು ಪುಟ್ಟಲಕ್ಷ್ಮಿ. “ದೊಡ್ಡ ಜನ.”

“ಬರೇ ಕಪಾಟೇನ?”

“ಇದು ಶುರು ಅಷ್ಟೆ.”

ಅಂದಿನಿಂದ ಅವರು ಸೀತಾರಾಮನ ಜೊತೆ ಮಾತು ಬಿಟ್ಟರು. ಅವನಾಗಿಯೇ ಬಂದು, ತಪ್ಪಾಯಿತು ಅತ್ತೆ, ಹುಡುಗಿ ಇಂಥವಳು ಎಂದು ಹೇಳಲಿ ಎಂದು ಕಾದರು. ಸೀತಾರಾಮನಿಗೆ ಈ ಮೌನ ಬಹಳ ಹಿತವಾಯಿತು. ಆ ಬಿಡುವಿನಲ್ಲಿ ಅವನು ಮೆಷಿನ್ನುಗಳನ್ನೆಲ್ಲ ಒಂದೊಂದಾಗಿ ಕಂಬಕ್ಕೆ ಬಿಗಿದ. ಮೇಲೆ ಪ್ರತಿಧ್ವನಿ, ನಡುವೆ ನಡುಕ, ಕೆಳಗೆ ದೊಡ್ಡ ಆಂಪ್ಲಿಫೈಯರ್. ಕೆಂಪು ಹಸಿರು ದೀಪಗಳು ಹತ್ತಿದಾಗ ಅವನ ಕಣ್ಣಲ್ಲಿ ನೀರು ಬಂತು. ಮೇಲೆ ಬಂದಾಗ ವೆರಾಂಡದ ಕಿಟಕಿಯಿಂದ ಇದನ್ನು ಕಂಡ ಇಂದ್ರಾಬಾಯಿ, ಬೀರು ಮುಂದೆ ಕೂತು ಹುಡುಗ ಅಳುತ್ತಿದ್ದಾನೆ, ಹುಡುಗಿಯ ನೆನಪು ಬಹಳ ಕಾಡುತ್ತಿರಬೇಕು ಎಂದು ಎರಡೂ ವಿಂಗಿಗೆ ತಿಳಿಸಿದರು.

ಇಂದ್ರಾಬಾಯಿ ದಿನಾ ಬೆಳಿಗ್ಗೆ ಚರ್ಚ್‌ಗೇಟ್ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕೆಲಸಕ್ಕೆ ಹೋಗುವವರು. ಸುದ್ದಿಯೂ ಅವರ ಜೊತೆ ಹೊರಟಿತು. ಗೋರೆಗಾಂವ್‌ನಲ್ಲಿ ಹತ್ತಿದಾಗ ಬರೀ ಬೀರು ಇತ್ತು. ಅಂಧೇರಿಯಲ್ಲಿ ಫ್ರಿಜ್ ಹತ್ತಿತು. ಪಾರ್ಲೆಯಲ್ಲಿ ಸ್ಕೂಟರ್ ಹತ್ತಿತು. ಸಾಂತಾಕ್ರೂಜ್‌ನಲ್ಲಿ ವನಮಾಲಾ ಹತ್ತಿದಳು.

ಆ ಸಂಜೆಯ ರಿಹರ್ಸಲ್ಲಿನಲ್ಲಿ ವನಮಾಲಾ ಅವನ ಕಡೆ ನೋಡದೆ ಹಾಡಿದಳು. ಮುಗಿದ ಮೇಲೆ ಚೀಲ ಎತ್ತಿಕೊಳ್ಳುತ್ತ ಹೇಳಿದಳು: “ಬೀರು ಬಂತಂತೆ.”

ಸೀತಾರಾಮನಿಗೆ ಹಿಗ್ಗೋ ಹಿಗ್ಗು. ತನ್ನ ವಿಷಯ ಅವಳಿಗೂ ಗೊತ್ತಿದೆ! “ಬಂತು! ಭಾನುವಾರ ಸ್ಟೇಜಿಗೇ ತರ್ತೀನಿ.”

“ಸ್ಟೇಜಿಗಾ?”

“ಮತ್ತೆ? ಎಲ್ರೂ ನೋಡ್ಲಿ ಅಂತಾನೇ ಮಾಡಿದ್ದು. ಇಷ್ಟು ವರ್ಷ ನನ್ನನ್ನ ಯಾರೂ...”

ವನಮಾಲಾ ಹೊರಟುಹೋಗಿದ್ದಳು. ಹಾಡಿನ ಚಿಂತೆ ಇರಬೇಕು ಎಂದುಕೊಂಡ ನಮ್ಮ ಮಹಾನುಭಾವ. ಅವಳು ಮನೆಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ರಾಮಸ್ವಾಮಿಯವರಿಗೆ ಬಾಗಿಲ ಹೊರಗಿನಿಂದಲೇ ಸಂಗತಿ ತಿಳಿಯಿತು. ವರದಕ್ಷಿಣೆ ತೆಗೆದುಕೊಂಡವರನ್ನು ಅವರು ಕಂಡಿದ್ದರು. ತೆಗೆದುಕೊಂಡದ್ದನ್ನು ವರದಕ್ಷಿಣೆ ವಿರೋಧಿ ಸಭೆಯ ವೇದಿಕೆಗೇ ತಂದು ನಿಲ್ಲಿಸುವವನನ್ನು ಕಂಡಿರಲಿಲ್ಲ. ಭಾನುವಾರದ ಕಾರ್ಯಕ್ರಮ ಅವರ ಸಮಿತಿಯದೇ, ಮೊದಲು ಅವರ ಭಾಷಣ, ಆಮೇಲೆ ಆರ್ಕೆಸ್ಟ್ರಾ. “ತರಲಿ,” ಎಂದರಂತೆ. “ನನ್ನ ಭಾಷಣಕ್ಕೆ ಒಂದು ಉದಾಹರಣೆ ಕಡಿಮೆ ಇತ್ತು.”

ಇತ್ತ ಸೀತಾರಾಮ ಬಿಲ್ಡಿಂಗಿನ ಮನೆಮನೆಗೂ ಬಂದು ಕರೆದ. ಸಭೆ ತುಂಬಿದ್ದರೆ ಅಣವೀರಪ್ಪನಿಗೆ ತನ್ನ ಬೆಲೆ ತಿಳಿಯುತ್ತದೆ ಎಂದು ಅವನ ಲೆಕ್ಕಾಚಾರ.

“ಭಾನುವಾರ ಸಂಜೆ, ಸಾಂತಾಕ್ರೂಜ್ ಕನ್ನಡ ಸಂಘದ ಹಾಲ್‌ನಲ್ಲಿ. ತಪ್ಪದೆ ಬರಬೇಕು.”

“ಬರದ ಇರ್ತೀವೇನು!” ಎಂದರು ಇಂದ್ರಾಬಾಯಿ. “ನಿಶ್ಚಿತಾರ್ಥಕ್ಕ ಊಟಾ ಏನೈತಿ?”

“ಊಟ ಇಲ್ಲ, ಉಪ್ಪಿಟ್ಟು ಇರಬಹುದು. ಆದರೆ ಇದು ನಿಶ್ಚಿ...”

“ಉಪ್ಪಿಟ್ಟ!” ಇಂದ್ರಾಬಾಯಿ ಅವನನ್ನು ಬಿಟ್ಟು ನಮ್ಮ ಕಡೆ ತಿರುಗಿದರು. “ತುಮಕೂರಿನ ದೊಡ್ಡ ಮಂದಿ! ಕಪಾಟ್ ಕೊಟ್ಟ ಕೂಡ್ಲೆ ಉಪ್ಪಿಟ್ಟಿಗೆ ಬಂದ್ರು!”

ಅತ್ತೆಗೂ ಅವನು ಹೇಳಿದ: “ಅತ್ತೆ, ನೀವು ಮುಂದಿನ ಸಾಲಲ್ಲೇ ಕೂತ್ಕೋಬೇಕು.” ಅಷ್ಟು ಸಾಕಾಯಿತು. ಹುಡುಗಿ ಯಾರೆಂದು ಇನ್ನೂ ಹೇಳದಿದ್ದರೂ ಮುಂದಿನ ಸಾಲಿನ ಮರ್ಯಾದೆ ಕೊಟ್ಟನಲ್ಲ ಎಂದು ಪುಟ್ಟಲಕ್ಷ್ಮಿ ಕರಗಿಹೋದರು. ಭಾನುವಾರ ಮಧ್ಯಾಹ್ನ ಅವನು ಟೆಂಪೋ ಕರೆಯಲು ಹೋದಾಗ, ಟ್ರಂಕಿನ ತಳದಿಂದ ತಮ್ಮ ಧಾರೆ ಸೀರೆ ತೆಗೆದರು, ಜೊತೆಗೆ ಇನ್ನೂ ನಾಲ್ಕಾರು ಪಟ್ಟೆ ಸೀರೆ, ತಮ್ಮ ತಾಯಿಯ ಕಾಲದ ಬೆಳ್ಳಿ ದೀಪ, ಕುಂಕುಮದ ಭರಣಿ. ಬರುವ ಹುಡುಗಿಗೆ ಗಂಡಿನ ಕಡೆಯಿಂದಲೂ ಏನಾದರೂ ಹೋಗಬೇಡವೇ? ಎಲ್ಲವನ್ನೂ ಆ ಡಬ್ಬಿಗಳ ಸಂದಿಯಲ್ಲಿ ಮಡಿಸಿ ತುರುಕಿ, ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಹಾಲಿನ ಬಾಗಿಲಲ್ಲಿ “ವರದಕ್ಷಿಣೆ ವಿರೋಧಿ ಸಮಾವೇಶ” ಎಂದು ದೊಡ್ಡ ಬಟ್ಟೆ ಕಟ್ಟಿದ್ದರು. ನಮ್ಮ ಬಿಲ್ಡಿಂಗಿನವರು ಅದನ್ನು ಓದಿದೆವು. ಬೆಳಗಿನ ಕಾರ್ಯಕ್ರಮದ್ದು ಇನ್ನೂ ಬಿಚ್ಚಿಲ್ಲ, ಹಾಲಿನವರದು ಎಂಥ ಬೇಜವಾಬ್ದಾರಿ ಎಂದು ಇಂದ್ರಾಬಾಯಿ ಹೇಳಿದರು, ನಮಗೂ ಹೌದೆನ್ನಿಸಿತು. ಒಳಗೆ ಖಾದಿ ಜುಬ್ಬಾದ ಗಂಭೀರ ಜನ ಕೂತಿದ್ದರು. ಅವರ ನಡುವೆ ನಾವು ರೇಷ್ಮೆ, ಜರಿ, ಮೂಗಿನ ನತ್ತು ಸಮೇತ ಹೋಗಿ ಕೂತೆವು, ಒಬ್ಬೊಬ್ಬರ ಮಡಿಲಲ್ಲೂ ಬಣ್ಣದ ಕಾಗದ ಸುತ್ತಿದ ಉಡುಗೊರೆ. ನನ್ನದು ಗೋಡೆ ಗಡಿಯಾರ. ಅದು ಕಾಗದದೊಳಗಿಂದ ಟಿಕ್ ಟಿಕ್ ಎನ್ನುತ್ತಿದ್ದುದರಿಂದ ಪಕ್ಕದ ಜುಬ್ಬಾದವರು ಒಂದು ಕುರ್ಚಿ ದೂರ ಸರಿದರು.

ಪರದೆಯ ಹಿಂದೆ ಸೀತಾರಾಮ ಬೆವರುತ್ತಿದ್ದ. ಬೀರುವಿನ ಬೆನ್ನಿನ ತೂತಿನಿಂದ ವೈರು ಎಳೆದು ಕರೆಂಟಿಗೆ ಸಿಕ್ಕಿಸಿದ್ದ. ಒಳಗಿನ ಗುಂಡಿಗಳನ್ನು ಮನೆಯಲ್ಲೇ ಹಾಕಿಟ್ಟಿದ್ದರಿಂದ ಎಲ್ಲವೂ ಗುಂಯ್ ಎಂದು ಎಚ್ಚರಾಗಿತ್ತು. ಭಾಷಣಕ್ಕೂ ಹಾಡಿಗೂ ಪ್ರತಿಧ್ವನಿ ಇದ್ದರೆ ಗಾಂಭೀರ್ಯ ಬರುತ್ತದೆಂದು ಅಣವೀರಪ್ಪ ಮುಂದಿನ ಮೈಕನ್ನೂ ಆ ತೂತಿನ ಮೂಲಕ ಅದಕ್ಕೇ ಜೋಡಿಸಿದ್ದರು. ಗಿಟಾರಿನ ವೈರೊಂದು ಮಾತ್ರ ಬಾಗಿಲು ತೆಗೆದು ಎದುರಿನಿಂದ ಸಿಕ್ಕಿಸಬೇಕು. ಬಾಗಿಲಿಗೆ ಬೀಗ, ಬೀಗಕ್ಕೆ ಕೀಲಿಕೈ ಇಲ್ಲ.

ಪರದೆಯ ಆಚೆ ರಾಮಸ್ವಾಮಿಯವರ ಭಾಷಣ ಏರಿತ್ತು. “ವರದಕ್ಷಿಣೆ ಎಂಬುದು ಒಂದು ಪಿಡುಗು!” ಎಂದರು. ಪಿಡುಗು, ಡುಗು, ಡುಗು ಎಂದಿತು ಹಾಲು. ಅವರು ತುಸು ಗಾಬರಿಯಾದರೂ ತಮ್ಮ ಮಾತಿಗೆ ಇಷ್ಟು ಬೆಂಬಲ ಸಿಕ್ಕಿದ್ದು ಅದೇ ಮೊದಲಾದ್ದರಿಂದ ಹುರುಪುಗೊಂಡರು. “ಹೆಸರು ಹೇಳುವುದಿಲ್ಲ. ನಮ್ಮ ನಡುವೆಯೇ ಒಬ್ಬ ತರುಣನಿದ್ದಾನೆ. ಸಂಭಾವಿತ ಎಂದುಕೊಂಡಿದ್ದೆ. ಅವನು ಪಡೆದದ್ದನ್ನು ನೀವೇ ನೋಡಿ! ಪರದೆ ಎಳೆಯಿರಿ!”

ಪರದೆ ಸರಿಯಿತು. ವೇದಿಕೆಯ ನಟ್ಟನಡುವೆ ಬೀರು. ಆಳುದ್ದದ ಕನ್ನಡಿಯಲ್ಲಿ ಸಭೆಗೆ ಸಭೆಯೇ ಕಂಡಿತು. ಮುಂದಿನ ಸಾಲಿನ ಕೆಲವರು ಕ್ರಾಪು ಸರಿಮಾಡಿಕೊಂಡರು. ಬೀರುವಿನ ಪಕ್ಕದಲ್ಲಿ ಸೀತಾರಾಮ ಹೇರ್‌ಪಿನ್ನಿನಿಂದ ಬೀಗ ಕೆದಕುತ್ತಿದ್ದ. ನಮ್ಮ ಬಿಲ್ಡಿಂಗಿನವರು ಜೋರಾಗಿ ಚಪ್ಪಾಳೆ ತಟ್ಟಿದೆವು. ಉಳಿದವರು ನಮ್ಮನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

“ಬಾಗಿಲು ತೆಗೆ!” ಎಂದರು ರಾಮಸ್ವಾಮಿ.

“ತೆಗೀತೀನಿ ಸರ್, ಆದರೆ ಬೀಗದ ಕೈ...”

“ನನ್ ಹತ್ರ ಇದೆ ಕಣೋ!” ಮುಂದಿನ ಸಾಲಿನಿಂದ ಪುಟ್ಟಲಕ್ಷ್ಮಿ ಎದ್ದರು. ಸೆರಗು ಹೊದ್ದು, ನಿಧಾನವಾಗಿ ವೇದಿಕೆ ಹತ್ತಿ, ಸೊಂಟದಿಂದ ಕೀಲಿಕೈ ತೆಗೆದು ಬಾಗಿಲು ತೆರೆದರು.

ಒಳಗೆ ಕೆಂಪು ದೀಪ, ಹಸಿರು ದೀಪ. ಪ್ರತಿಧ್ವನಿಯ ಮೇಲೆ ಧಾರೆ ಸೀರೆ. ನಡುಕದ ಪಕ್ಕದಲ್ಲಿ ಪಟ್ಟೆಗಳ ಸಾಲು. ಆಂಪ್ಲಿಫೈಯರಿನ ನೆತ್ತಿಯ ಮೇಲೆ ಬೆಳ್ಳಿ ದೀಪ, ಪಕ್ಕದಲ್ಲಿ ಕುಂಕುಮ.

“ರೇಷ್ಮೆ!” ಎಂದರು ಒಬ್ಬರು. “ಬೆಳ್ಳಿ!” ಎಂದರು ಇನ್ನೊಬ್ಬರು. “ಅಯ್ಯೋ, ಫಾರಿನ್ ಸ್ಟೀರಿಯೋ ಬೇರೆ!” ಎಂದು ಕಿರುಚಿದರು ಮೂರನೆಯವರು, ಅವರ ದನಿಯಲ್ಲಿ ಕೋಪಕ್ಕಿಂತ ಸಂಕಟ ಹೆಚ್ಚಿತ್ತು. ಸೀತಾರಾಮ ಮಾತ್ರ ಬಾಯಿ ತೆರೆದು ಸೀರೆಗಳನ್ನು ನೋಡುತ್ತ ನಿಂತಿದ್ದ. ಬದಿಯ ಪರದೆ ಹಿಡಿದು ನಿಂತಿದ್ದ ವನಮಾಲಾಳ ಮುಖ ಬಿಳಿಚಿಹೋಗಿತ್ತು. ಅವಳು ಕೊನೆಯವರೆಗೂ ಇದು ಸುಳ್ಳಾಗಿರಲಿ ಎಂದುಕೊಂಡಿದ್ದಳು, ಅದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

“ತುಮಕೂರಿನವರು ಇನ್ನೇನೇನು ಕೊಟ್ಟರಪ್ಪಾ?” ರಾಮಸ್ವಾಮಿ ಮೈಕನ್ನು ಅವನ ಕಡೆ ತಿರುಗಿಸಿದರು.

“ಯಾವ ತುಮಕೂರು ಸರ್?”

“ಅವನ ಬೀಗರ್ರೀ!” ಇಂದ್ರಾಬಾಯಿ ಕೂತಲ್ಲಿಂದಲೇ ನೆರವಾದರು. “ಅತ್ತೀನ್ ಕೇಳ್ರಿ, ಅತ್ತೀಗ್ ಎಲ್ಲಾ ಗೊತ್ತೈತಿ!”

ಸಭೆ ಅತ್ತೆಯನ್ನು ನೋಡಿತು. ಅತ್ತೆ ಸೋದರಳಿಯನನ್ನು ನೋಡಿದರು. ಅವನ ಮುಖದಲ್ಲಿದ್ದ ಗೊಂದಲ ನಟನೆಯದಲ್ಲವೆಂದು ಅವನನ್ನು ಎತ್ತಿ ಆಡಿಸಿದವರಿಗೆ ಗೊತ್ತಾಗದೆ ಇದ್ದೀತೇ? ಅವರು ಮೈಕಿನ ಮುಂದೆ ಬಂದರು.

“ನಂಗೆ ತುಮಕೂರಲ್ಲಿ ಯಾರೂ ಗೊತ್ತಿಲ್ಲ!”

ಗೊತ್ತಿಲ್ಲ, ಗೊತ್ತಿಲ್ಲ, ತಿಲ್ಲ ಎಂದಿತು ಹಾಲು. ಪುಟ್ಟಲಕ್ಷ್ಮಿ ಹಿಂತಿರುಗಿ ನೋಡಿ, ಯಾರೋ ಅಣಕಿಸುತ್ತಿದ್ದಾರೆಂದು ಇನ್ನಷ್ಟು ಸಿಟ್ಟಾದರು. “ಇಲ್ಲ ಅಂದ್ರೆ ಇಲ್ಲ! ರೈಲಲ್ಲಿ ದಾಟಿ ಹೋಗಿದ್ದೀನಿ, ಅಷ್ಟೆ. ಆಯಮ್ಮ ಕೇಳಿದ್ಲು, ನಂಗೆ ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು, ಬಾಯಿಗೆ ಬಂದ ಊರು ಹೇಳ್ದೆ. ಸೀರೆ ನನ್ನವು. ಬೆಳ್ಳಿ ನಮ್ಮಮ್ಮಂದು. ಬರೋ ಹುಡುಗೀಗೆ ಅಂತ ನಾನೇ ಇಟ್ಟೆ. ಹುಡುಗಿ ಯಾರೂಂತ ಈ ಮುಂಡೇಗಂಡ ಬಾಯಿ ಬಿಟ್ರೆ ತಾನೆ!”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಂದ್ರಾಬಾಯಿ ಜೀವಮಾನದಲ್ಲಿ ಮೊದಲ ಬಾರಿ ಸುಮ್ಮನಿದ್ದರು. ರಾಮಸ್ವಾಮಿ ಲೆಕ್ಕಪತ್ರದ ಮನುಷ್ಯರಾದ್ದರಿಂದ ಮಾತಿಗೆ ಬೆಲೆ ಕೊಡದೆ ತಾವೇ ಲಾಕರು ತೆಗೆದು ತಪಾಸಣೆ ಮಾಡಿದರು. ಒಳಗೆ ಒಂದು ಸ್ಕ್ರೂ ಡ್ರೈವರ್ ಸಿಕ್ಕಿತು. ಅದನ್ನು ಹಿಡಿದುಕೊಂಡೇ ನಿಂತರು.

ಆಗ ವನಮಾಲಾ ಬದಿಯಿಂದ ನಡೆದು ಬಂದಳು.

“ಹಾಗಾದ್ರೆ ಈ ಬೀರು ಯಾಕೆ?”

ಸೀತಾರಾಮ ಉತ್ತರಿಸಲು ಬಾಯಿ ತೆರೆದು, ಅಭ್ಯಾಸದಂತೆ ಯಾರಾದರೂ ಅಡ್ಡ ಬರುತ್ತಾರೆಂದು ಕಾದ. ಯಾರೂ ಬರಲಿಲ್ಲ. ಸಭೆಯ ಬಳಿ ಹೇಳುವುದು ಏನೂ ಉಳಿದಿರಲಿಲ್ಲ. ಅವನು ದಿಕ್ಕೆಟ್ಟು, ನಿರುಪಾಯನಾಗಿ, ಪೂರ್ತಿ ಮಾತು ಆಡಬೇಕಾಯಿತು.

“ಇದು ಬೀರು ಅಲ್ಲ, ಗಿಟಾರಿನ ರ್‍ಯಾಕು. ಲಾಲಸಾಬ್ ಬಾಗಿಲು ಹಾಕಿಬಿಟ್ಟ. ನೀವು ಹಾಡುವಾಗ ಹಿಂದೆ ನಾನು ನುಡಿಸೋದು ನಿಮಗೆ ಕೇಳಿಸಲ್ಲ. ಕೇಳಿಸಿದ್ರೆ ಒಂದು ಸಲ ತಿರುಗಿ ನೋಡ್ತೀರೇನೋ ಅಂತ ಮಾಡಿಸಿದೆ. ನೀವೇ ನನ್ನ ಮದುವೆ ಆಗಬೇಕು ಅಂತ.”

ಮೈಕು ಇನ್ನೂ ಅವನ ಕಡೆಗೇ ತಿರುಗಿತ್ತು. ಆಗಬೇಕು ಅಂತ, ಬೇಕು ಅಂತ, ಅಂತ, ಅಂತ ಎಂದು ಹಾಲಿನ ನಾಲ್ಕು ಗೋಡೆಗಳೂ ಹೇಳಿದವು. ಲ್ಯಾಮಿಂಗ್ಟನ್ ರೋಡಿನ ಆಂಪ್ಲಿಫೈಯರ್ ತನ್ನ ಕೆಲಸ ಮಾಡಿತ್ತು. ಹೊರಗೆ ಉಪ್ಪಿಟ್ಟು ಕಲಸುತ್ತಿದ್ದವನು ಸೌಟು ಹಿಡಿದು ಬಾಗಿಲಿಗೆ ಬಂದು ನಿಂತ.

ವನಮಾಲಾ ಬೀರುವಿನ ಹತ್ತಿರ ಹೋದಳು. ಬಾಡಿಗೆ ಮನೆ ನೋಡಲು ಬಂದವರಂತೆ ಒಳಗೆಲ್ಲ ಮೇಲಿಂದ ಕೆಳಗೆ ನೋಡಿದಳು. ಧಾರೆ ಸೀರೆಯನ್ನು ಹೊರಗೆ ತೆಗೆದು, ಸುಕ್ಕು ಬಿಡಿಸಿ, ಸರಿಯಾಗಿ ಮಡಿಸಿ ಪುಟ್ಟಲಕ್ಷ್ಮಿಯವರ ತೋಳಿನ ಮೇಲಿಟ್ಟಳು.

“ಇದರಲ್ಲಿ ನಿಮ್ಮತ್ತೆ ಸೀರೆಗೇ ಜಾಗ ಇಲ್ಲ,” ಎಂದಳು ಸೀತಾರಾಮನಿಗೆ. “ಇನ್ನು ನನ್ನವನ್ನ ಎಲ್ಲಿಡೋದು?”

ಮುಂದಿನ ಸಾಲಿಗೆ ಮೊದಲು ಅರ್ಥವಾಯಿತು. ಅದು ಹಿಂದಿನ ಸಾಲಿಗೆ ಹೇಳಿತು. ಕೊನೆಯ ಸಾಲು ತಲುಪಿ ನಮ್ಮ ಬಿಲ್ಡಿಂಗಿನವರು ಎದ್ದು ಕುಣಿಯುವ ಹೊತ್ತಿಗೂ ಸೀತಾರಾಮ ಮಾತ್ರ ಗಲ್ಲಕ್ಕೆ ಬೆರಳಿಟ್ಟು ಬೀರುವನ್ನು ನೋಡುತ್ತ, “ಮೇಲಿನ ಎಕೋ ತೆಗೆದ್ರೆ ಒಂದು ಖಾನೆ ಸಿಗುತ್ತೆ...” ಎನ್ನುತ್ತಿದ್ದ. ಆಮೇಲೆ ಅವನಿಗೂ ತಿಳಿಯಿತು. ಅವನು ರಾಮಸ್ವಾಮಿಯವರ ಕೈಯಿಂದ ಸ್ಕ್ರೂ ಡ್ರೈವರ್ ತೆಗೆದುಕೊಂಡ. ಅವರು ಕೊಟ್ಟರು.

“ಕೊಟ್ಟಿದ್ದಲ್ಲ ಇದು,” ಎಂದು ರಾಮಸ್ವಾಮಿ ಸಭೆಗೆ ತಕ್ಷಣ ಸ್ಪಷ್ಟಪಡಿಸಿದರು. “ಅದು ಅವನದೇ ವಸ್ತು!”

“ಪ್ರೋಗ್ರಾಮ್ ಸುರು ಮಾಡ್ರೋ!” ಎಂದು ಅಣವೀರಪ್ಪ ಕೂಗಿದರು. ಮೈಕನ್ನು ಹಾಲಿನವರ ಹಳೇ ಆಂಪ್ಲಿಫೈಯರಿಗೆ ಜೋಡಿಸಿದರು. ವನಮಾಲಾ ಹಾಡಿದಳು, ಅಂದು ಹಾಡಿದಂತೆ ಅವಳು ಹಿಂದೆಂದೂ ಹಾಡಿರಲಿಲ್ಲ. ಪಲ್ಲವಿ ಮುಗಿದು ಗಿಟಾರಿನ ತುಣುಕು ಬರಬೇಕಾದ ಜಾಗ ಬಂತು. ಗಿಟಾರು ಬರಲಿಲ್ಲ. ಕಿಟ್ಟು ಒಂದು ಕ್ಷಣ ಕಾದು, ತನ್ನ ಪೆಟ್ಟಿಗೆಯಲ್ಲೇ ಅದನ್ನು ನುಡಿಸಿದ.

ವನಮಾಲಾ ಸಭೆಗೆ ಬೆನ್ನು ಹಾಕಿ, ಪೂರ್ತಿ ತಿರುಗಿ ನಿಂತು ನೋಡಿದಳು. ಸೀತಾರಾಮನಿಗೆ ಅದು ಕಾಣಲಿಲ್ಲ. ಅವನು ಮೊಣಕಾಲೂರಿ ಕೂತು ಕೆಳಗಿನ ಖಾನೆ ಖಾಲಿ ಮಾಡುತ್ತಿದ್ದ.